ಬಾಷಾ ಬಿಟ್ಟುಹೋದ ಸಾಫ್ಟ್‌ವೇರ್

ದ್ಯಾಮೇಶ ಸ್ಟುಡಿಯೋದ ಮೆಟ್ಟಿಲ ಬಳಿ ಚಪ್ಪಲಿ ಕಳಚಿ ಒಳಗೆ ಬಂದ. ಫೋಟೋ ಅಂಗಡಿಗೆ ಹಾಗೆ ಬರಿಗಾಲಲ್ಲಿ ಬರುವವರು ಕಡಿಮೆ. ಈತ ಮದುವೆಯ ಗಿರಾಕಿಯಲ್ಲ ಎಂಬುದು ಅಂಗಡಿಯ ಯಜಮಾನ ಕೊಟ್ರೇಶನಿಗೆ ಅಷ್ಟರಿಂದಲೇ ತಿಳಿಯಿತು.

“ಯಾವಗಲ್ ಊರಿನಿಂದ ಬಂದೇನ್ರಿ ಅಣ್ಣಾರ. ಪರಶಪ್ಪನ ಮಗ. ಹೋದ ವರ್ಷ ನಮ್ಮಪ್ಪ ತೀರಿಕೊಂಡಾಗ ಫೋಟೋ ತಗ್ಯಾಕ ನೀವ ಬಂದಿದ್ರಂತ.”

“ಕುಂಡ್ರಿಸಿದಾಗಿನ ಫೋಟೋ?”

“ಹೌದ್ರಿ. ಅದ ಬೇಕಾಗೇತಿ.”

ರೋಣದ ಬಸ್ ನಿಲ್ದಾಣದ ಎದುರಿಗಿದ್ದ ಆ ಸ್ಟುಡಿಯೋದಲ್ಲಿ ಎರಡು ಬಗೆಯ ಫೋಟೋಗಳು ತಯಾರಾಗುತ್ತಿದ್ದವು. ಮದುವೆ, ಬಸುರಿಯರ ಕುಬಸ, ತೊಟ್ಟಿಲುಗಳದ್ದು ಒಂದು ಬಗೆ. ಸತ್ತವರಿಗೆ ವಿಭೂತಿ ಹಚ್ಚಿ, ಹೂವಿನ ನಡುವೆ ಗೋಡೆಗೆ ಆನಿಸಿ ಕೂರಿಸಿ, ಮನೆಯವರೆಲ್ಲ ಸುತ್ತ ಕುಳಿತು ತೆಗೆಸಿಕೊಳ್ಳುವ ಕೊನೆಯ ಫೋಟೋ ಇನ್ನೊಂದು ಬಗೆ. ಮೊದಲಿನದಕ್ಕೆ ಜನ ಅವಸರ ಮಾಡುತ್ತಿದ್ದರು. ಎರಡನೆಯದನ್ನು ತಿಂಗಳುಗಟ್ಟಲೆ ಕೇಳುತ್ತಲೇ ಇರಲಿಲ್ಲ. ಪರಶಪ್ಪನ ಮನೆತನದಲ್ಲಂತೂ ವರ್ಷದ ಪೂಜೆ ಆಗುವವರೆಗೆ ಸತ್ತವರ ಪಟವನ್ನು ಮನೆಯೊಳಗೆ ತರುವ ಪದ್ಧತಿ ಇರಲಿಲ್ಲ. ಅವನ ಹೆಂಡತಿ ದೇವವ್ವ ಅಂದೇ ಅದನ್ನು ಹೇಳಿ, ಫೋಟೋ ನಿಮ್ಮ ಹತ್ತಿರವೇ ಇರಲಿ ಎಂದಿದ್ದಳು.

“ಗೋಡಿಗೆ ಹಾಕಾಕಾದ್ರ ಆಧಾರ ಕಾರ್ಡಿನ್ಯಾಗಿನ ಫೋಟೋ ಕೊಡು ತಮ್ಮಾ,” ಎಂದ ಕೊಟ್ರೇಶ. “ದೊಡ್ಡದು ಮಾಡಿ, ತಲಿಗೆ ಪಟಗಾ ಕೂಡ್ರಿಸಿ, ಚಲೋ ಮಾಡಿ ಕೊಡ್ತೇನಿ.”

“ಗೋಡಿಗೆ ಹಾಕಾಕಲ್ರೀ. ನಾ ನೋಡಾಕ.”

ಹೇಳಬೇಕೋ ಬೇಡವೋ ಎಂದು ಆತ ಒಂದು ಕ್ಷಣ ತಡೆದ. ಅನಂತರ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ. ಅಪ್ಪ ಮುಶಿಗೇರಿಯ ಬೀಗರ ಮನೆಗೆ ಹೋಗಿದ್ದಾಗ ದ್ಯಾಮೇಶ ಅವನನ್ನು ಕೇಳದೆ ಹೋರಿಯನ್ನು ಮಾರಿದ್ದ. ಹಿಂದಿರುಗಿದ ಅಪ್ಪ ಹೋರಿ ಮೇಯುತ್ತಿದ್ದ, ಈಗ ಬರಿದಾದ ಗ್ವಾದಲಿಯ ಮುಂದೆ ನಿಂತು, “ಇನ್ನ ನನ್ನ ಮಾರಿ ನೋಡಬ್ಯಾಡ” ಎಂದು ಮುಖ ತಿರುಗಿಸಿದ್ದ. ದ್ಯಾಮೇಶ ಗೋವಾಕ್ಕೆ ಗಾರೆ ಕೆಲಸಕ್ಕೆ ಹೋದ. ಅಪ್ಪ ಟ್ರ್ಯಾಕ್ಟರಿನ ಟ್ರೇಲರ್‌ನಿಂದ ಬಿದ್ದು ಹುಬ್ಬಳ್ಳಿಯ ದವಾಖಾನೆಯಲ್ಲಿ ತೀರಿಕೊಂಡ. ಬಟ್ಟೆ ಸುತ್ತಿ ತಂದ ಹೆಣದ ಮುಖವನ್ನು ಫೋಟೋಕ್ಕೆಂದು ಮಾತ್ರ ಬಿಚ್ಚಿ, ಮತ್ತೆ ಮುಚ್ಚಿ, ಹೊತ್ತು ಮುಳುಗುವ ಮೊದಲು ಮಣ್ಣು ಮಾಡಿದರು. ಮೊಬೈಲಿನಲ್ಲಿ ಯಾರೂ ತೆಗೆಯಕೂಡದೆಂದು ಹಿರಿಯರು ತಾಕೀತು ಮಾಡಿದ್ದರು. ಮಗ ಬಂದಾಗ ಮಣ್ಣಿನ ಮೇಲೆ ಹೂವು ಬಾಡತೊಡಗಿತ್ತು.

“ಒಬ್ರು ಅಂತಾರ, ಮಾರಿ ಮ್ಯಾಲೆ ಸಿಟ್ಟು ಹಂಗ ಇತ್ತು ಅಂತ. ಇನ್ನೊಬ್ರು ಅಂತಾರ, ನಿದ್ದಿ ಮಾಡಿದಂಗ ಇದ್ದ ಅಂತ. ಅವ್ವನ್ನ ಕೇಳಿದ್ರ ಅಳತಾಳ, ಏನೂ ಹೇಳಂಗಿಲ್ಲ. ನನಗ ನಮ್ಮಪ್ಪನ ಸಿಟ್ಟು ಗೊತ್ತೈತ್ರಿ. ಒಮ್ಮಿ ಕಣ್ಣಿಲೆ ನೋಡಿದ್ನೆಂದ್ರ ತಿಳೀತೈತಿ, ಬಿಟ್ಟು ಹೋದ್ನೋ, ಹೊತ್ಕೊಂಡು ಹೋದ್ನೋ.”

“ನಾಳಿ ಬಾ,” ಎಂದ ಕೊಟ್ರೇಶ. “ನಮ್ಮ ಸ್ಟುಡಿಯೋದಾಗ ಒಂದು ಫೋಟೋನೂ ಹಾಳಾಗಿಲ್ಲ. ತಯಾರ ಇಟ್ಟಿರತೇನಿ.”

“ನಾಡಿದ್ದ ವರ್ಷದ ಪೂಜಿ ಐತ್ರಿ. ನಾಳಿ ಅವ್ವನ್ನೂ ಕರಕೊಂಡು ಬರತೇನಿ.”

ಆತ ಕೈ ಮುಗಿದು ಹೋದ. ಅವನು ರಸ್ತೆ ದಾಟುವುದರೊಳಗೆ ಕೊಟ್ರೇಶ ಕಂಪ್ಯೂಟರಿನ ಮುಂದೆ ಕುಳಿತಿದ್ದ.

ಪರಶಪ್ಪನ ಹೆಸರು ಹುಡುಕಿದ. ಸಿಗಲಿಲ್ಲ. ಯಾವಗಲ್ ಎಂದು ಹುಡುಕಿದ. ಆ ಊರಿನ ಮದುವೆಗಳೆಲ್ಲ ಬಂದವು, ಸಾವು ಮಾತ್ರ ಒಂದೂ ಬರಲಿಲ್ಲ. ಅಷ್ಟರಲ್ಲಿ ಯಂತ್ರ ಉಸಿರುಗಟ್ಟಿದಂತೆ ನಿಂತುಬಿಟ್ಟಿತು. ತೆರೆಯ ಮೂಲೆಯಲ್ಲಿ ನೀಲಿ ಗುರಾಣಿಯ ಚಿತ್ರವೊಂದು ಮೇಲೆದ್ದು, ಅವಧಿ ಮುಗಿದಿದೆ, ಪಾಸ್‌ವರ್ಡ್ ಕೊಡಿ ಎಂದು ಇಂಗ್ಲಿಷಿನಲ್ಲಿ ಕೇಳಿತು.

ಈ ಗುರಾಣಿಯ ಕಾಟ ಇತ್ತೀಚೆಗೆ ಹೆಚ್ಚಾಗಿತ್ತು. ಅದು ಕಂಪ್ಯೂಟರಿನ ಜೊತೆಗೆ ಬಂದದ್ದಲ್ಲ. ಹೊರಗಿನಿಂದ ತಂದು ಹಾಕಿದ ಸಾಫ್ಟ್‌ವೇರ್. ಹಾಕಿದವನು ಬಾಷಾ. ಅದು ಏನು ಮಾಡುತ್ತದೆಂದು ಕೊಟ್ರೇಶ ಎಂದೂ ಕೇಳಿರಲಿಲ್ಲ, ಈಗ ಕೇಳುವಂತೆಯೂ ಇರಲಿಲ್ಲ.

ಬಾಷಾ ಈ ಸ್ಟುಡಿಯೋದಲ್ಲಿ ಎಡಿಟಿಂಗ್ ಮಾಡುತ್ತಿದ್ದವನು. ಕೊಟ್ರೇಶ ಕ್ಯಾಮೆರಾ ಹಿಡಿದರೆ ಅವನು ಮೌಸ್ ಹಿಡಿಯುತ್ತಿದ್ದ. ಇಬ್ಬರೂ ಒಂದೇ ಬುತ್ತಿಯಲ್ಲಿ ಉಂಡವರು. ಕಳೆದ ವರ್ಷ ನರಗುಂದದ ಬೀಗರೊಬ್ಬರು ಆಲ್ಬಮ್ಮಿಗೆ ಫೋಟೋ ಆರಿಸಲು ಬಂದಿದ್ದಾಗ, ಆರತಿಯ ಫೋಟೋದ ಬೆನ್ನಿಗೇ ಹೂವಿನಲ್ಲಿ ಕುಳಿತ ಹೆಣವೊಂದು ತೆರೆಯ ಮೇಲೆ ಬಂದಿತು. ಮದುಮಗಳ ತಾಯಿ ಚೀರಿ, ಮಗಳ ಕಣ್ಣು ಮುಚ್ಚಿ ಹೊರಗೆ ಎಳೆದೊಯ್ದಳು. ಕೊಟ್ರೇಶ ಎಲ್ಲರ ಎದುರಿಗೆ ಬಾಷಾನನ್ನು ಬಯ್ದ. “ಮಂಗಳ ಯಾವುದು, ಅಮಂಗಳ ಯಾವುದು ತಿಳಿಯಂಗಿಲ್ಲಂದ್ರ ಈ ಕುರ್ಚಿ ಮ್ಯಾಲೆ ಯಾಕ ಕುಂಡ್ರತಿ?” ಎಂದ. ಅವಸರದಲ್ಲಿ ಕಾರ್ಡಿನಿಂದ ಆ ಫೋಟೋವನ್ನು ಮದುವೆಯ ಫೋಟೋಗಳ ನಡುವೆ ಸುರುವಿದ್ದು ತಾನೇ ಎಂಬುದು ಅನಂತರ ಅವನಿಗೆ ಹೊಳೆದಿತ್ತು. ಹೊಳೆದದ್ದನ್ನು ಹೇಳಿರಲಿಲ್ಲ. ಬಾಷಾ ಕೆಲವು ವಾರ ಸುಮ್ಮನೆ ದುಡಿದು, ಗಜೇಂದ್ರಗಡಕ್ಕೆ ಹೋಗಿ ತನ್ನದೇ ಅಂಗಡಿ ಇಟ್ಟ.

“ಬಾಷಾಗ ಒಂದು ಫೋನ್ ಹಚ್ಚರಿ,” ಎಂದಳು ರಾಜೇಶ್ವರಿ. ಕೊಟ್ರೇಶನ ಹೆಂಡತಿ, ಆಲ್ಬಮ್ ಕಟ್ಟುವ ಕೆಲಸ ಆಕೆಯದು. ಅಂಟು ಹಚ್ಚುತ್ತಿದ್ದ ಕೈ ನಿಲ್ಲಿಸದೆಯೇ ಹೇಳಿದಳು.

“ಅವನ ಹಂಗ್ಯಾಕ? ಅನಿಲಕುಮಾರಗ ಕೇಳತೇನಿ.”

“ಹಾಕಿದವನ್ನ ಬಿಟ್ಟು ಹಾದ್ಯಾಗ ಹೋಗೂರನ್ನ ಕೇಳತೀರಿ?”

ಅನಿಲಕುಮಾರ ನರಗುಂದದಲ್ಲಿ ಕಂಪ್ಯೂಟರ್ ರಿಪೇರಿಯವನು. ಫೋನಿನಲ್ಲಿ ಅವನ ದನಿ ಯಾವಾಗಲೂ ಅವಸರದ್ದು. “ಹೊರಗಿನ ಸಾಫ್ಟ್‌ವೇರ್ ಅಲ್ಲೇನು? ತಗದ ಒಗೀರಿ. ಹೊಲದಾಗ ಕರಕಿ ಕಸ ಇದ್ದಂಗ ಅವು. ತಗ್ಯಾಕ ಹೋದಾಗ ಅದು ಹೋಗತೈತಿ, ಇದು ಹೋಗತೈತಿ ಅಂತ ಹೆದರಸ್ತಾವ. ಎಲ್ಲಾದಕ್ಕೂ ಯೆಸ್ ಒತ್ತಕೋತ ಹೋಗ್ರಿ.”

ಕೊಟ್ರೇಶ ಮೊಬೈಲಿನಲ್ಲಿಯೂ ಹುಡುಕಿ ನೋಡಿದ. ಯಾವುದೋ ವೆಬ್‌ಸೈಟು ಆ ಸಾಫ್ಟ್‌ವೇರಿನ ಹೆಸರು ಹಿಡಿದು, ಇದನ್ನು ಇಟ್ಟುಕೊಂಡವರಿಗಿಂತ ತೆಗೆದವರೇ ಹೆಚ್ಚು ಎಂದು ಬರೆದಿತ್ತು. ತೆಗೆದವರು ಅನಂತರ ಏನು ಕಳೆದುಕೊಂಡರೆಂದು ಬರೆದಿರಲಿಲ್ಲ.

“ಇಷ್ಟು ಮಂದಿ ತಗದಾರ, ನೋಡು,” ಎಂದು ಹೆಂಡತಿಗೆ ತೋರಿಸಿದ.

“ಅವರ ಮನ್ಯಾಗ ಬಾಷಾ ಇದ್ನೇನು?” ಎಂದಳು ಅವಳು.

ಆ ಹೊತ್ತಿಗೆ ಗುರುಸಂಗಪ್ಪ ಬಂದ. ಪೇಟೆಯಲ್ಲಿ ಕಾಳಿನ ವ್ಯಾಪಾರ ಮಾಡುವ ದೊಡ್ಡ ಕುಳ. ಮಗಳ ಮದುವೆಯ ಆಲ್ಬಮ್ಮಿಗೆ ಫೋಟೋ ಆರಿಸಲು ಬೀಗರನ್ನೂ ಕರೆತಂದಿದ್ದ. ಎಲ್ಲರೂ ಕುರ್ಚಿ ಎಳೆದು ಕುಳಿತರು. ಮೊದಲ ಫೋಟೋ ಅರ್ಧ ಬಂದು ನಿಂತಿತು. ಮದುಮಗಳ ತಲೆ ಬಂದಿತು, ಮುಂದೆ ಏನೂ ಬರಲಿಲ್ಲ.

“ಏನಪಾ ಕೊಟ್ರೇಶಿ,” ಎಂದ ಗುರುಸಂಗಪ್ಪ, “ನಿನ್ನ ಕಂಪ್ಯೂಟರಿಗೆ ಹಿಂಡಿ ಗಿಂಡಿ ಹಾಕತೀಯೋ ಇಲ್ಲೋ? ನಮ್ಮನಿ ಮುದಿ ಎತ್ತು ಇದಕ್ಕಿಂತ ಲಗೂ ಹೆಜ್ಜಿ ಕಿತ್ತಿಡತೈತಿ.”

ಬೀಗರು ನಕ್ಕರು. ಗುರಾಣಿ ಮತ್ತೆ ಮೇಲೆದ್ದಿತು.

“ಚಾ ಕುಡದು ಬರ್ರಿ ಸಾಹುಕಾರ್ರ. ಅಷ್ಟರಾಗ ಸರಿ ಮಾಡತೇನಿ.”

“ಚಾ ಕುಡಿಯೂದರಾಗ ಸರಿ ಆತೋ ಆತು. ಇಲ್ಲಂದ್ರ ಆ ಗಜೇಂದ್ರಗಡದ ಹುಡುಗ ಭಾಳ ಚಲೋ ಮಾಡತಾನಂತ. ಅಲ್ಲೇ ಹೋಗತೇವಿ.”

ಗಜೇಂದ್ರಗಡದ ಹುಡುಗ. ಗುರುಸಂಗಪ್ಪನಿಗೆ ಅವನ ಹೆಸರು ಗೊತ್ತಿರಲಿಲ್ಲ. ಕೊಟ್ರೇಶನಿಗೆ ಗೊತ್ತಿತ್ತು. ರಾಜೇಶ್ವರಿಗೂ ಗೊತ್ತಿತ್ತು, ಆಕೆ ತಲೆ ಎತ್ತಿ ಗಂಡನನ್ನು ನೋಡಿದಳು. ಅವರೆಲ್ಲ ಮೆಟ್ಟಿಲಿಳಿದ ಮೇಲೆ, ಮೆಲ್ಲಗೆ, ಬೇಡಿಕೊಳ್ಳುವ ದನಿಯಲ್ಲಿ ಹೇಳಿದಳು:

“ಒಂದ ಮಾತು ಕೇಳೂದರಾಗ ನೀವೇನು ಸಣ್ಣಾವ್ರಾಗಂಗಿಲ್ಲ. ಆ ಹುಡುಗ ಅಪ್ಪನ ಮಾರಿ ಸಲುವಾಗಿ ಬಂದಾನ. ಅದು ಸಿಗೂಮಟಾ ಏನೂ ಮುಟ್ಟಬ್ಯಾಡ್ರಿ.”

“ಮಷೀನ್ ನಡದ್ರಲ್ಲಾ ಹುಡುಕೂದು? ಮೊದಲ ಈ ಕಸ ಹೋಗಲಿ.”

ಅದು ಪೂರ್ಣ ಸುಳ್ಳಾಗಿರಲಿಲ್ಲ. ಯಂತ್ರ ನಡೆಯದೆ ಫೋಟೋ ಸಿಗುವಂತಿರಲಿಲ್ಲ. ಆದರೆ ಕೊಟ್ರೇಶನ ಬೆರಳು ಮೌಸಿನ ಮೇಲೆ ಹೋದದ್ದು ಆ ಕಾರಣಕ್ಕಲ್ಲ. ತನ್ನ ಅಂಗಡಿಯಲ್ಲಿ ಕುಳಿತು ಗಿರಾಕಿ ಇನ್ನೊಬ್ಬನ ಕೆಲಸವನ್ನು ಹೊಗಳಿದ್ದ. ಆ ಇನ್ನೊಬ್ಬ ಬಿಟ್ಟುಹೋದ ಗುರಾಣಿ ತನ್ನ ತೆರೆಯ ಮೂಲೆಯಲ್ಲಿ ಕುಳಿತು, ತನಗೆ ಗೊತ್ತಿಲ್ಲದ ಪಾಸ್‌ವರ್ಡನ್ನು ತನ್ನನ್ನೇ ಕೇಳುತ್ತಿತ್ತು.

ಸಾಫ್ಟ್‌ವೇರ್‌ಗಳ ಪಟ್ಟಿ ತೆರೆದ. ಗುರಾಣಿಯನ್ನು ಆರಿಸಿದ. ತೆಗೆದುಹಾಕು ಎಂಬಲ್ಲಿ ಒತ್ತಿದ.

ಯಂತ್ರ ಯೋಚಿಸಿತು. ಅನಂತರ ಒಂದು ಪ್ರಶ್ನೆ ಬಂದಿತು. ಈ ಪ್ರೋಗ್ರಾಮಿನ ರಕ್ಷಣೆಯಲ್ಲಿರುವ ವಸ್ತುಗಳೂ ಅಳಿಸಿಹೋಗುತ್ತವೆ, ಮುಂದುವರಿಯಬೇಕೆ?

ವಸ್ತುಗಳು. ಯಾವ ವಸ್ತುಗಳು? ಕೊಟ್ರೇಶ ತಡೆದ. ರಾಜೇಶ್ವರಿ ಎದ್ದು ಬಂದು ಬೆನ್ನ ಹಿಂದೆ ನಿಂತಳು. “ಏನಂತೈತಿ ಅದು?” ಎಂದು ಕೇಳಿದಳು.

“ಹೆದರಸ್ತೈತಿ,” ಎಂದ ಕೊಟ್ರೇಶ. ಯೆಸ್ ಒತ್ತಿದ.

ಹಸಿರು ಪಟ್ಟಿಯೊಂದು ಎಡದಿಂದ ಬಲಕ್ಕೆ ತೆವಳತೊಡಗಿತು. ನಡುವೆ ಬಹಳ ಹೊತ್ತು ನಿಂತಿತು. ಮತ್ತೆ ತೆವಳಿತು. ಮುಗಿಯಿತು. ಗುರಾಣಿ ಮಾಯವಾಯಿತು.

ಅನಂತರದ ಮಧ್ಯಾಹ್ನ ಸೊಗಸಾಗಿ ಕಳೆಯಿತು. ಫೋಟೋಗಳು ಒಂದರ ಹಿಂದೊಂದು ಓಡಿ ಬಂದವು. ಬೀಗರು ಮೆಚ್ಚಿ ಆರಿಸಿದರು, ಆರಿಸಿದ್ದನ್ನೆಲ್ಲ ಕೊಟ್ರೇಶ ಅದೇ ಡಿಸ್ಕಿನಲ್ಲಿ ಬೇರೆ ಪ್ರತಿ ಮಾಡಿಟ್ಟ. “ಹಿಂಡಿ ಹಾಕೀದಿ ಬಿಡಪಾ,” ಎಂದು ಗುರುಸಂಗಪ್ಪ ಬೆನ್ನು ತಟ್ಟಿ ಹೋದ. ಕೊಟ್ರೇಶ ಹೆಂಡತಿಯತ್ತ ಗೆದ್ದವನ ನಗೆ ನಕ್ಕು, ಪರಶಪ್ಪನನ್ನು ಹುಡುಕಲು ಕುಳಿತ.

ಹೆಸರಿನಿಂದ ಹುಡುಕಿದ. ಊರಿನಿಂದ ಹುಡುಕಿದ. ತಾರೀಖಿನಿಂದ ಹುಡುಕಿದ. ಆ ತಿಂಗಳಿನ ಮದುವೆಗಳಿದ್ದವು, ಕುಬಸಗಳಿದ್ದವು. ಪರಶಪ್ಪನೊಬ್ಬನೇ ಅಲ್ಲ, ಬಾಷಾ ಹೋಗುವವರೆಗೆ ತೆಗೆದಿದ್ದ ಯಾವ ಸತ್ತವರೂ ಅಲ್ಲಿರಲಿಲ್ಲ. ಮದುವೆಗಳಿಗೆಲ್ಲ ಬೇರೆ ಡಿಸ್ಕಿನಲ್ಲಿ ಪ್ರತಿ ಇರುತ್ತಿತ್ತು. ಸತ್ತವರ ಪ್ರತಿ ಇಡಬೇಕೆಂದು ಯಾರಿಗೂ ತೋಚಿರಲಿಲ್ಲ. ಕ್ಯಾಮೆರಾದ ಕಾರ್ಡು ಎಷ್ಟೋ ಸಲ ಒರೆಸಿ ತುಂಬಿದ್ದು.

ಆಗ ಅವನ ಕಣ್ಣು ತೆರೆಯ ಕೆಳಭಾಗಕ್ಕೆ ಹೋಯಿತು. ತುಂಬಿ ತುಳುಕುತ್ತಿದ್ದ ಡಿಸ್ಕಿನಲ್ಲಿ ಒಮ್ಮೆಲೇ ಜಾಗ ಬಿಚ್ಚಿಕೊಂಡಿತ್ತು. ಒಂದು ಸಣ್ಣ ಸಾಫ್ಟ್‌ವೇರ್ ಹೋದರೆ ಆಗುವಷ್ಟು ಜಾಗವಲ್ಲ ಅದು. ಒಂದು ಓಣಿಯೇ ಎದ್ದುಹೋದಷ್ಟು ಜಾಗ.

ಕೊಟ್ರೇಶ ಬಾಷಾನಿಗೆ ಫೋನ್ ಮಾಡಿದ.

“ಅಣ್ಣಾ!” ಆ ಕಡೆಯ ದನಿಯಲ್ಲಿ ಸಂತೋಷವಿತ್ತು, ಅಡಗಿಸಲಾಗದ ಸಂತೋಷ. “ನಂಬರ ನೋಡಿ ನಂಬಿಕಿ ಬರಲಿಲ್ಲ ನೋಡ್ರಿ. ಅತ್ತಿಗಿ ಆರಾಮದಾರೇನು?”

“ಆರಾಮ. ಬಾಷಾ, ಆ ನೀಲಿ ಗುರಾಣಿದೊಂದು ಹಾಕಿದ್ದೆಲ್ಲ...”

“ಹಾಂ, ಹೌದಣ್ಣಾ. ಅವಧಿ ಮುಗದಿರಬೇಕಲ್ಲಾ? ತ್ರಾಸ ಕೊಡಾಕತ್ತೈತೇನು? ಪಾಸ್‌ವರ್ಡ್ ಅತ್ತಿಗಿ ಹೆಸರ ಐತಿ. ಒಳಗ ಹೋಗಿ ಮೊದಲ ಫೋಟೋ ಹೊರಗ ತಕ್ಕೊಂಡುಬಿಡ್ರಿ. ಆಮ್ಯಾಲೆ ಬೇಕಾದ್ರ ತಗೀರಿ. ಅದಕ್ಕಿಂತ ಮೊದಲ ಮಾತ್ರ ಮುಟ್ಟಬ್ಯಾಡ್ರಿ ಅಣ್ಣಾ, ಎಲ್ಲಾ ಅದರ ಹೊಟ್ಟ್ಯಾಗ ಅದಾವ.”

ಕೊಟ್ರೇಶ ಗುರಾಣಿ ಇದ್ದ ಖಾಲಿ ಮೂಲೆಯತ್ತ ನೋಡಿದ.

“ಆ ನರಗುಂದದವ್ರ ಗದ್ದಲ ಆತಲ್ಲಾ, ಅವತ್ತ ಸಂಜೀಲಿಂದ ಸತ್ತವ್ರ ಫೋಟೋ ಎಲ್ಲಾ ಅದರಾಗ ಹಾಕಿ ಮುಚ್ಚಿಡಾಕ ಹತ್ತಿದ್ನಿ. ಇನ್ನ ಯಾವ ಮದುವಿ ಮಂದಿಗೂ ಕಾಣಬಾರದು ಅಂತ. ಹೋಗೂ ಮುಂದ ಹೇಳಿದ್ನೆಲ್ಲಣ್ಣಾ? ನೀವು ಬಾಗಲದಾಗ ಯಾರ ಕೂಡಾನೋ ಮಾತಾಡಕೋತ ನಿಂತಿದ್ರಿ. ಹೂಂ ಅಂದ್ರಿ.”

“ತಗದೇನಿ, ಬಾಷಾ.”

“ಏನು?”

“ಯೆಸ್ ಒತ್ತೇನಿ.”

ಆ ಕಡೆಯಿಂದ ಯಾವುದೋ ಮೋಟಾರ್ ಸೈಕಲ್ ಹಾದುಹೋದ ಸದ್ದು ಬಂದಿತು. ಅನಂತರ ಬಾಷಾ ಹೇಳಿದ: “ಮಷೀನ್ ಬಂದ್ ಮಾಡ್ರಿ. ಏನೂ ಹಾಕಬ್ಯಾಡ್ರಿ ಅದರಾಗ. ಮುಂಜಾನಿ ಬರತೇನಿ.”

ಬೆಳಗ್ಗೆ ಬಾಗಿಲು ತೆರೆಯುವುದಕ್ಕೆ ಮೊದಲೇ ಅವನ ಫೋನ್ ಬಂದಿತು, ಹಾದಿಯಲ್ಲಿ ರಾಜೂರ ದಾಟಿದ್ದೇನೆ ಎಂದು. ಬಂದವನು ತನ್ನ ಹಳೆಯ ಕುರ್ಚಿಯಲ್ಲಿ ಕೂರಲಿಲ್ಲ, ಸ್ಟೂಲು ಎಳೆದುಕೊಂಡ. ಕೊಟ್ರೇಶ ಕುರ್ಚಿಯನ್ನು ಅವನತ್ತ ದೂಡಿದ. ಬಾಷಾ ನೋಡಿದ, ಆದರೆ ಸ್ಟೂಲು ಬಿಟ್ಟೇಳಲಿಲ್ಲ.

ಅಳಿದುಹೋದದ್ದನ್ನು ಮರಳಿ ತೆಗೆಯುವ ಸಾಫ್ಟ್‌ವೇರ್ ತಂದಿದ್ದ. ಅದು ಡಿಸ್ಕನ್ನು ಮೂಲೆ ಮೂಲೆಯಾಗಿ ಕೆದಕಿತು. ಕೆಲವು ಹೆಸರುಗಳು ಮೇಲೆ ಬಂದವು. ಅವುಗಳಲ್ಲಿ ಪರಶಪ್ಪ ಎಂಬ ಹೆಸರೂ ಬಂದಿತು. ರಾಜೇಶ್ವರಿ ಕೈ ಜೋಡಿಸಿದಳು. ಬಾಷಾ ಅದನ್ನು ಒತ್ತಿದ. ಬೂದುಬಣ್ಣದ ಚೌಕವೊಂದು ತೆರೆದುಕೊಂಡಿತು. ಅದರೊಳಗೆ ಏನೂ ಇರಲಿಲ್ಲ. ಮತ್ತೊಮ್ಮೆ ಒತ್ತಿದ. ಬೇರೆ ದಾರಿಯಿಂದ ತೆರೆದ. ಅದೇ ಬೂದು.

“ಹೆಸರು ಉಳದಾವಣ್ಣಾ,” ಎಂದ ಬಾಷಾ. “ಮಾರಿ ಉಳದಿಲ್ಲ. ನೀವು ಸಂಜೀತನಕ ಮದುವಿ ಫೋಟೋ ತಗದು ಇಟ್ಟ್ರಿ, ಅವು ಇದರ ಮ್ಯಾಲ ಕುಂತುಬಿಟ್ಟಾವ.”

“ನಿನ್ನ ಮ್ಯಾಲಿನ ಸಿಟ್ಟಿಗೆ ಮಾಡೀನಿ,” ಎಂದ ಕೊಟ್ರೇಶ. “ಆ ನರಗುಂದದವ್ರ ಫೋಟೋದಾಗ ಅದನ್ನ ಸುರುವಿದಾಂವ ನಾನ.”

“ಗೊತ್ತಿತ್ತಣ್ಣಾ.”

“ಗೊತ್ತಿದ್ದೂ ಸುಮ್ಮನ ಇದ್ದಿ?”

“ನೀವ ಹೇಳತೀರಿ ಅಂತ ಕಾದೆ. ಅದಕ್ಕ ಅಷ್ಟು ದಿವಸ ನಿಂತಿದ್ದೆ.”

ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟ ಸದ್ದಾಯಿತು. ಬಾಗಿಲಲ್ಲಿ ದ್ಯಾಮೇಶ ನಿಂತಿದ್ದ. ಅವನ ಹಿಂದೆ ತಲೆಯ ಮೇಲೆ ಸೆರಗು ಹೊದ್ದ ದೇವವ್ವ.

ಕೊಟ್ರೇಶ ಅವರನ್ನು ಕೂರಿಸಿದ. ನೀರು ತರಿಸಿದ. ಸುತ್ತಿ ಬಳಸಿ ಹೇಳಬೇಕೆಂದುಕೊಂಡಿದ್ದವನು ನೇರವಾಗಿಯೇ ಹೇಳಿದ. ಫೋಟೋ ಇತ್ತು. ನಿನ್ನೆ ಮಧ್ಯಾಹ್ನದವರೆಗೂ ಇತ್ತು. ತಾನು ಕೇಳದೆ ತಿಳಿಯದೆ ಒಂದು ಸಾಫ್ಟ್‌ವೇರ್ ತೆಗೆದುಹಾಕಿದ್ದರಿಂದ ಹೋಯಿತು.

ದ್ಯಾಮೇಶ ಕೂಗಾಡುತ್ತಾನೆಂದು ಎಲ್ಲರೂ ಕಾದರು. ಆತ ಕೂಗಾಡಲಿಲ್ಲ. ತೆರೆಯ ಮೇಲಿನ ಬೂದು ಚೌಕವನ್ನು ನೋಡುತ್ತ ಕುಳಿತ.

“ನಾ ನಿನ್ನಿ ಬರೂಕಿಂತ ಮೊದಲ ಇತ್ತಲ್ರೀ?”

“ಇತ್ತು.”

“ಹಂಗಾದ್ರ ನಾ ಬಂದದ್ದ ತಪ್ಪಾತಲ್ಲ.”

“ಇಲ್ಲಪಾ, ಹಂಗನಬ್ಯಾಡ...”

“ಇರಲಿ ಬಿಡ್ರಿ.” ಆತ ಕುರ್ಚಿಯನ್ನು ಕೊಟ್ರೇಶನತ್ತ ತಿರುಗಿಸಿದ. “ಫೋಟೋ ಹೋದ್ರ ಹೋಗಲಿ. ನೀವು ತಗದವ್ರು. ನಮ್ಮಪ್ಪನ ಮುಂದ ನಿಂತಿದ್ರಿ. ಹೇಳ್ರಿ, ಮಾರಿ ಹ್ಯಾಂಗಿತ್ತು? ಸಿಟ್ಟಿತ್ತೋ, ಇದ್ದಿದ್ದಿಲ್ಲೋ?”

ಕೊಟ್ರೇಶ ಕಣ್ಣು ಮುಚ್ಚಿ ಆ ಅಂಗಳಕ್ಕೆ ಹೋದ. ಎಲ್ಲವೂ ನೆನಪಿಗೆ ಬಂದಿತು. ಚಪ್ಪರದ ತೂತಿನಿಂದ ಬೀಳುತ್ತಿದ್ದ ಬಿಸಿಲು, ಅದನ್ನು ತಡೆಯಲು ಯಾರದೋ ಕೈಯಲ್ಲಿ ಹಿಡಿಸಿದ ದುಪ್ಪಟಿ, ಚೆಂಡುಹೂವಿನ ಹಳದಿ ಕೆನ್ನೆಗೆ ಹೊಡೆಯುತ್ತಿದೆಯೆಂದು ಕ್ಯಾಮೆರಾದಲ್ಲಿ ಬೆಳಕು ತಗ್ಗಿಸಿದ್ದು. ಯಾವ ಕಡೆಯಿಂದ ನೆರಳು ಬಿದ್ದಿತ್ತೆಂದು ಈಗಲೂ ಹೇಳಬಲ್ಲ. ಆದರೆ ಹೂವಿನ ನಡುವೆ, ಮುಖ ಇರಬೇಕಾದಲ್ಲಿ, ಏನೂ ಇರಲಿಲ್ಲ. ಅವನು ಮುಖವನ್ನು ನೋಡಿರಲಿಲ್ಲ. ಬೆಳಕನ್ನು ನೋಡಿದ್ದ.

ಕಣ್ಣು ತೆರೆದಾಗ ದೇವವ್ವ ಅವನನ್ನೇ ನೋಡುತ್ತಿದ್ದಳು. ಆ ನೋಟದಲ್ಲೊಂದು ಬೇಡಿಕೆ ಇತ್ತು. ಕೊಟ್ರೇಶನಿಗೆ ಅದು ಅರ್ಥವಾಯಿತೆನ್ನಿಸಿತು. ಗಂಡನ ಮುಖ ಹೇಗಿತ್ತೆಂದು ಬಲ್ಲ ಹೆಂಗಸು, ಮಗನಿಗೆ ಹೇಳಲಾರದ್ದನ್ನು ನೀನಾದರೂ ಮುಚ್ಚು ಎನ್ನುತ್ತಿದ್ದಾಳೆ.

“ಶಾಂತ ಇತ್ತು ತಮ್ಮಾ,” ಎಂದ. “ಹುಬ್ಬು ಬಿಚ್ಚಿದ್ದು. ಹೊಲದಿಂದ ಬಂದು ಕಟ್ಟಿ ಮ್ಯಾಲೆ ಒರಗಿದಂಗ ಇದ್ದ. ಸಿಟ್ಟಿನ ಮಾರಿ ಅಲ್ಲದು.”

“ಖರೇ?”

“ಖರೇ.”

ದ್ಯಾಮೇಶ ಎರಡೂ ಅಂಗೈಗಳಲ್ಲಿ ಮುಖ ಮುಚ್ಚಿಕೊಂಡ. ಭುಜಗಳು ಅಲುಗಿದವು. ಸ್ವಲ್ಪ ಹೊತ್ತಿನ ಮೇಲೆ ಎದ್ದು, ಕೊಟ್ರೇಶನ ಕಾಲು ಮುಟ್ಟಲು ಬಾಗಿದ. ಕೊಟ್ರೇಶ ಹೌಹಾರಿ ಹಿಂದೆ ಸರಿದ. “ಒಂದು ವರ್ಷದ ಭಾರ ಇಳಿಸಿದ್ರಿ ಅಣ್ಣಾರ,” ಎಂದ ದ್ಯಾಮೇಶ. ಮುಖ ತೊಳೆದು ಬರುತ್ತೇನೆಂದು ನಲ್ಲಿಯ ಕಡೆಗೆ ಹೋದ.

ಬಾಷಾ ತಲೆ ತಗ್ಗಿಸಿ ವೈರು ಸುತ್ತುತ್ತಿದ್ದ. ರಾಜೇಶ್ವರಿ ಒಳಗೆ ಹೋಗಿದ್ದಳು. ದೇವವ್ವ ಕುಳಿತಲ್ಲಿಂದ ಎದ್ದು ಕೊಟ್ರೇಶನ ಹತ್ತಿರ ಬಂದಳು. ಮಗನಿಗೆ ಕೇಳಿಸದಂತೆ ದನಿ ತಗ್ಗಿಸಿದಳು.

“ಯಪ್ಪಾ, ಖರೇನ ಹಂಗಿತ್ತೇನ್ರಿ?”

ಕೊಟ್ರೇಶ ಆಕೆಯ ಮುಖ ನೋಡಿದ. “ಯವ್ವಾ, ನೀ ಬಾಜೂಕ ಇದ್ದೆಲ್ಲ.”

“ಬಾಜೂಕ ಇದ್ನಿರಿ. ಅವ್ರ ಗದ್ದ ಎತ್ತಿ ಹಿಡಿ ಅಂದ್ರಿ, ಹಿಡದೆ. ಕಡೀಕ ಮಾರಿ ನೋಡ್ಬೇಕಂತ ಅವ್ರ ಕಡೆ ಹೊಳ್ಳಿದ್ನಿ. ‘ಯವ್ವಾ, ನನ್ನ ಕಡೆ ನೋಡು, ಅತ್ತಾಗ ನೋಡಬ್ಯಾಡ’ ಅಂದ್ರಿ. ನಿಮ್ಮ ಕಡೇನ ನೋಡಿದೆ. ಆತು ಅಂದ್ರಿ. ಅಷ್ಟರಾಗ ಬಟ್ಟಿ ಮುಚ್ಚಿಬಿಟ್ರು.” ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. “ಫೋಟೋದಾಗ ಐತಲ್ಲ, ವರ್ಷ ಆದ ಮ್ಯಾಲೆ ನೋಡಿದ್ರಾತು ಅಂತ ಇದ್ನಿ. ಹುಡುಗ ಕೇಳಿದಾಗೆಲ್ಲ ಏನಂತ ಹೇಳಲಿ?”

ಆ ನೋಟದ ಬೇಡಿಕೆಯನ್ನು ತಾನು ಓದಿದ್ದು ತಪ್ಪೆಂದು ಕೊಟ್ರೇಶನಿಗೆ ಈಗ ತಿಳಿಯಿತು. ಮುಚ್ಚು ಎಂದು ಕೇಳಿದ ನೋಟವಲ್ಲ ಅದು. ಹೇಳು ಎಂದು ಕೇಳಿದ ನೋಟ.

ನಲ್ಲಿ ನಿಂತ ಸದ್ದಾಯಿತು. ದ್ಯಾಮೇಶ ಒಳಗೆ ಬರುತ್ತಿದ್ದ. ಅವನ ಮುಖ ತೊಳೆದ ನೀರಿನಿಂದ ಹೊಳೆಯುತ್ತಿತ್ತು.

“ಹೇಳ್ರಿ ಯಪ್ಪಾ.”

“ಹೌದವ್ವಾ,” ಎಂದ ಕೊಟ್ರೇಶ. “ಶಾಂತ ಇತ್ತು.”

ದೇವವ್ವ ನಿಟ್ಟುಸಿರು ಬಿಟ್ಟು ಸೆರಗು ಸರಿಪಡಿಸಿಕೊಂಡಳು.

“ನೀವಾದ್ರೂ ನೋಡಿದ್ರಲ್ರಿ,” ಎಂದಳು. “ಅಷ್ಟ ಸಾಕು.”

ಮಗನ ತೋಳು ಹಿಡಿದು ಮೆಟ್ಟಿಲಿಳಿದಳು. ಕೊಟ್ರೇಶ ಅವರನ್ನು ಕಳಿಸಲು ಬಾಗಿಲವರೆಗೂ ಹೋಗಲಾರದೆ, ತೆರೆಯ ಬೂದು ಚೌಕದ ಮುಂದೆಯೇ ನಿಂತ.